ತಮ್ಮನಿಗೆ ಬೆಂಗಳೂರಲ್ಲಿ ಮನೆ ಬೇಕು

ತಮ್ಮನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ನಿನ್ನೆ ಮಾರತ್ತಹಳ್ಳಿ ಕಡೆ ಒಂದು ಮನೆ ನೋಡಿ ವಿಡಿಯೋ ಕಾಲ್ ಮಾಡಿದ್ದ. ಒಂದೇ ರೂಮು, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗ ಇಲ್ಲದ ಅಡುಗೆಮನೆ, ಕಿಟಕಿ ತೆಗೆದರೆ ಪಕ್ಕದ ಬಿಲ್ಡಿಂಗ್ ಗೋಡೆ. ಬಾಡಿಗೆ 15 ಸಾವಿರ, ಮೇಂಟೆನೆನ್ಸ್ ಬೇರೆ, ಅಡ್ವಾನ್ಸ್ 10 ತಿಂಗಳದ್ದು. ಅಂದರೆ ಮೊದಲ ಸಂಬಳ ಕೈಗೆ ಬರೋ ಮುಂಚೆನೇ ಒಂದೂವರೆ ಲಕ್ಷ! ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ತಾರಂತೆ.

ಅವ್ವ ತೊಗರಿ ಮಾರಿದ ದುಡ್ಡು ತೆಗೆದು ಕೊಡ್ತೀನಿ ಅಂತಾಳೆ. ನನಗೆ ಅದೇ ಸಂಕಟ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಅಡ್ವಾನ್ಸ್ 2 ತಿಂಗಳ ಬಾಡಿಗೆ ಮೀರಬಾರದು ಅಂತಿದೆ, ಆದರೆ ರಾಜ್ಯಗಳು ತಾವೇ ಕಾನೂನು ಮಾಡಿಕೊಂಡರೆ ಮಾತ್ರ ಅದು ಜಾರಿ. ಹೊಸದಾಗಿ ಕೆಲಸಕ್ಕೆ ಸೇರೋ ಹುಡುಗರಿಗೆ ಇದು ತುಂಬಾ ಅನ್ಯಾಯ ಅಲ್ವಾ?

ಇಲ್ಲಿ ಕಲಬುರಗಿಯಲ್ಲಿ ಅಷ್ಟು ಬಾಡಿಗೆಗೆ ಅಂಗಳ ಇರೋ ಮನೆನೇ ಸಿಗುತ್ತೆ, ಅವನ ಓದಿಗೆ ತಕ್ಕ ಕೆಲಸ ಸಿಗಲ್ಲ. ಬೆಂಗಳೂರಲ್ಲಿರೋ ನಮ್ಮ ಕಡೆಯವರು ಯಾರಾದರೂ ರೂಮ್ ಹಂಚಿಕೊಳ್ಳೋರಿದ್ದರೆ ದಯವಿಟ್ಟು ಹೇಳಿ. ಹುಡುಗ ಒಳ್ಳೆಯವನು, ಅಡುಗೆನೂ ಬರುತ್ತೆ.