500 ಕಿಲೋಹರ್ಟ್ಸ್ ನುಂಗಿದ ಭಾನುವಾರ

ಆ ಭಾನುವಾರ ಬೆಳಗ್ಗೆ ನಾನು ಕೂತಿದ್ದು 14 ಮೆಗಾಹರ್ಟ್ಸ್ ಬ್ಯಾಂಡಿನ ಒಂದು ಸಣ್ಣ ಮಾಸ್‌ಫೆಟ್ ಆಂಪ್ಲಿಫೈಯರ್‌ನ ಸಿಮ್ಯುಲೇಶನ್ ಮುಂದೆ. ಸಿಂಗಲ್ ಸೈಡ್‌ಬ್ಯಾಂಡ್ ಎಂಬ ರೇಡಿಯೊ ವಿಧಾನದ ಮಾತಿಗೆ ಬೇಕಾದದ್ದು, ಹಾಗಾಗಿ ಲೀನಿಯರ್ ಆಗಿರಲೇಬೇಕು, ಅಂದರೆ ಒಳಗೆ ಹೋದ ಅಲೆ ಆಕಾರ ಕೆಡದೆ ದೊಡ್ಡದಾಗಬೇಕು. ನೋಡುವ ದಾರಿ ಹಳೆಯದೇ. ಸಮ ಬಲದ ಎರಡು ಟೋನ್ ಕೊಡಬೇಕು, ಅವೆರಡೂ ಒಳಗೆ ಬೆರೆತು ಆಚೀಚೆ ಏಳುವ ಬೇಡದ ಟೋನ್, ಅಂದರೆ ಐಎಂ3, ಎಷ್ಟು ಕೆಳಗಿದೆ ಎಂದು ನೋಡಬೇಕು. ಟೋನ್‌ಗಳ ನಡುವೆ ಅಂತರ ಎಷ್ಟು? ಇದಕ್ಕೆ ನಾನು ಎರಡು ಸೆಕೆಂಡ್ ಕೂಡ ತಲೆ ಕೆಡಿಸಿಕೊಳ್ಳಲಿಲ್ಲ, 14 ಮತ್ತು 14.5 ಎಂದು ಹಾಕಿದೆ. ಬರೀ ಸೋಮಾರಿತನ. ಅಂತರ 500 ಕಿಲೋಹರ್ಟ್ಸ್ ಇದ್ದರೆ ಇಡೀ ಅಲೆ 2 ಮೈಕ್ರೊಸೆಕೆಂಡಿಗೊಮ್ಮೆ ಮರುಕಳಿಸುತ್ತದೆ, ಕ್ಷಣಕ್ಷಣದ ಅಲೆಯನ್ನು ಲೆಕ್ಕ ಹಾಕುವ ಟ್ರಾನ್ಸಿಯೆಂಟ್ ರನ್ ಬೇಗ ಮುಗಿಯುತ್ತದೆ ಅಲ್ವಾ.

ಮುಗಿಯಿತು. 13.5ರಲ್ಲಿ ಐಎಂ3 ಟೋನ್‌ಗಿಂತ 24 ಡೆಸಿಬೆಲ್ ಕೆಳಗೆ, 15ರಲ್ಲಿ 31. ಎಡಕ್ಕೂ ಬಲಕ್ಕೂ ಏಳು ಡೆಸಿಬೆಲ್ ವ್ಯತ್ಯಾಸ! ಬಯಾಸ್ ಸರಿಯಿಲ್ಲ ಅಂದುಕೊಂಡು, ಸಿಗ್ನಲ್ ಇಲ್ಲದಾಗಲೂ ಹರಿಯುವ ಐಡಲ್ ಕರೆಂಟನ್ನು 250 ಮಿಲಿಆಂಪ್‌ನಿಂದ 400ರವರೆಗೆ ಏರಿಸಿದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸುತ್ತು ಬದಲಿಸಿದೆ, ಮತ್ತೆ ಹಳೆಯದನ್ನೇ ಹಾಕಿದೆ. ಮಧ್ಯಾಹ್ನ ಕಳೆಯಿತು. ಐಎಂ3 ಸ್ವಲ್ಪ ತಗ್ಗಿತು, ಸೊಟ್ಟ ಮಾತ್ರ ಹಾಗೇ ಇತ್ತು.

ಸಂಜೆ ಬೇಜಾರಾಗಿ ಸುಮ್ನೆ ಅಂತರವನ್ನು 300 ಮಾಡಿದೆ. ಸೊಟ್ಟ ಬಹುಪಾಲು ಮಾಯ.

ಆಗ ಹೊಳೆಯಿತು. ಎರಡು ಟೋನ್ ಒಳಗೆ ಹೋದರೆ ಅವುಗಳ ವ್ಯತ್ಯಾಸದ ಫ್ರೀಕ್ವೆನ್ಸಿಯ ಕರೆಂಟ್ ಕೂಡ ಮಾಸ್‌ಫೆಟ್ ಟ್ರಾನ್ಸಿಸ್ಟರ್‌ನ ಔಟ್‌ಪುಟ್ ಕಾಲಾದ ಡ್ರೈನ್‌ನಲ್ಲಿ ಹುಟ್ಟಿ ಸಪ್ಲೈ ಲೈನಿನಲ್ಲಿ ಹರಿಯುತ್ತದೆ. ಆ ಲೈನಿಗೆ ಆ ಫ್ರೀಕ್ವೆನ್ಸಿಯಲ್ಲಿ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಜಾಸ್ತಿ ಇದ್ದರೆ ಡ್ರೈನ್ ವೋಲ್ಟೇಜೇ ಅಲುಗಾಡುತ್ತದೆ, ಅದು ಮತ್ತೆ ಟೋನ್‌ಗಳ ಜೊತೆ ಬೆರೆತು ಸರಿಯಾಗಿ ಐಎಂ3 ಇರುವ ಜಾಗದಲ್ಲೇ ಬಂದು ಬೀಳುತ್ತದೆ, ಒಂದು ಕಡೆ ಕೂಡಿಕೊಂಡು, ಇನ್ನೊಂದು ಕಡೆ ಕಳೆದುಕೊಂಡು. ನಾನೋ ಭಾರಿ ಜಾಣನ ಹಾಗೆ ಒಂದು ಮೀಟರ್ ಸಪ್ಲೈ ವೈರಿಗೆಂದು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಸೇರಿಸಿದ್ದೆ. ಸಪ್ಲೈ ಅಲುಗಾಡದಂತೆ ಹಿಡಿಯಬೇಕಾದ ಬೈಪಾಸ್ ಕೆಪಾಸಿಟರ್ 0.1 ಮೈಕ್ರೋಫ್ಯಾರಡ್. ಎರಡೂ ಸೇರಿ ರೆಸೊನೆನ್ಸ್ ಆಗುವುದು, ಅಂದರೆ ಇಂಪೀಡೆನ್ಸ್ ಗುಡ್ಡದ ಹಾಗೆ ಏಳುವುದು, 503 ಕಿಲೋಹರ್ಟ್ಸ್‌ನಲ್ಲಿ. ಬೆಳಗ್ಗೆಯಿಂದ ನಾನು ಅದರ ನೆತ್ತಿಗೇ ಬಡಿಯುತ್ತಿದ್ದೆ.

ಮಾತಿನ ಸಿಗ್ನಲ್ ಸುಮಾರು 3 ಕಿಲೋಹರ್ಟ್ಸ್ ಅಗಲದ್ದು, 500ರ ಗೊಡವೆಯೇ ಅದಕ್ಕಿಲ್ಲ. ಇಂಥ ಟ್ರಾನ್ಸ್‌ಮಿಟರಿಗೆ ಸಾಮಾನ್ಯವಾಗಿ 700 ಮತ್ತು 1900 ಹರ್ಟ್ಸ್ ಟೋನ್ ಕೊಡುತ್ತಾರೆ, ಅಂದರೆ ಅಂತರ 1.2 ಕಿಲೋಹರ್ಟ್ಸ್. ಸರಿ, 14.2 ಮತ್ತು 14.2012 ಹಾಕಿ 833 ಮೈಕ್ರೊಸೆಕೆಂಡ್ ಕಿಟಕಿಯಲ್ಲಿ, ಅಲೆಯನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸಿ ತೋರಿಸುವ ಎಫ್‌ಎಫ್‌ಟಿ ತೆಗೆದರೆ ಗರಿಕೆ ಬೆಳೆದ ಗದ್ದೆಯ ಹಾಗೆ ಕಾಣಿಸಿತು! 14,200 ಕಿಲೋಹರ್ಟ್ಸನ್ನು 1.2ರಿಂದ ಭಾಗಿಸಿ ನೋಡಿ, ಪೂರ್ಣ ಸಂಖ್ಯೆ ಬರುವುದಿಲ್ಲ. ಕಿಟಕಿಯೊಳಗೆ ಪೂರ್ತಿ ಆವರ್ತಗಳು ಕೂರದೆ ಟೋನ್‌ಗಳೇ ಸೋರಿ ಐಎಂ3ಯನ್ನು ಮುಚ್ಚಿಬಿಟ್ಟಿದ್ದವು. ಕಿಟಕಿಯನ್ನು ಮೂರು ಪಟ್ಟು ಉದ್ದ ಮಾಡಬಹುದಿತ್ತು, ಆದರೆ ಅಷ್ಟು ಹೊತ್ತು ಕಾಯುವವರು ಯಾರು? ಟೋನ್‌ಗಳನ್ನೇ 14.2008 ಮತ್ತು 14.2020ಕ್ಕೆ ಸರಿಸಿದೆ. ಈಗ ಒಂದರದ್ದು 11,834 ಆವರ್ತ, ಇನ್ನೊಂದರದ್ದು 11,835. ಗರಿಕೆ ಹೋಯಿತು. ನೇರವಾಗಿ ಫ್ರೀಕ್ವೆನ್ಸಿಗಳಲ್ಲೇ ಲೆಕ್ಕ ಹಾಕುವ ಹಾರ್ಮೋನಿಕ್ ಬ್ಯಾಲೆನ್ಸ್ ಸಿಮ್ಯುಲೇಟರ್ ಇರುವವರಿಗೆ ಈ ಗೋಳಿಲ್ಲ, ಅವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಐಡಲ್ ಕರೆಂಟ್ ಮತ್ತೆ 250ಕ್ಕೇ ಇಳಿಸಿ ಓಡಿಸಿದಾಗ ಎರಡೂ ಕಡೆ ಐಎಂ3 ಟೋನ್‌ಗಿಂತ 33 ಡೆಸಿಬೆಲ್ ಕೆಳಗೆ ಬಂತು. ಬೈಪಾಸ್ ಪಕ್ಕಕ್ಕೆ 10 ಮೈಕ್ರೋಫ್ಯಾರಡ್‌ನ ಒಂದು ಎಲೆಕ್ಟ್ರೊಲಿಟಿಕ್ ಕೂಡ ಹಾಕಿದೆ, ಅದರ ಒಳಗಿನ ರೆಸಿಸ್ಟೆನ್ಸಿಗೆ 503ರ ಗುಡ್ಡ ಕುಸಿಯಿತು.

ಆದರೆ ನಿಜವಾದ ಟ್ರಾನ್ಸಿಸ್ಟರ್‌ನ ಚಿಪ್ 1.2 ಕಿಲೋಹರ್ಟ್ಸ್ ಲಯಕ್ಕೆ ಕಾಯುತ್ತಾ ತಣಿಯುತ್ತಾ ಇರುತ್ತದೆ, ನನ್ನ ಮಾಡೆಲ್‌ಗೆ ಆ ಬಿಸಿಯ ಸುದ್ದಿಯೇ ಗೊತ್ತಿಲ್ಲ. ಬೋರ್ಡ್ ಕಟ್ಟಿದ ಮೇಲೂ 33 ಬರುತ್ತದೆ ಎಂದು ಪಣ ಕಟ್ಟಲು ನಾನಂತೂ ತಯಾರಿಲ್ಲ.