ಇಂಗ್ಲಿಷ್ ಉಚ್ಚಾರಣೆಯೊಳಗಿನ ಮನೆಮಾತು

ಕನ್ನಡದಲ್ಲಿ ಪದದ ಮೊದಲಿಗೆ ಎಕಾರ ಬಂದರೆ ನಾಲಿಗೆ ತಾನಾಗಿಯೇ ಒಂದು ಯಕಾರ ಸೇರಿಸುತ್ತದೆ, ಒಕಾರ ಬಂದರೆ ವಕಾರ. ‘ಎಲೆ’ ಎಂದು ಬರೆದರೂ ಬಾಯಲ್ಲಿ ಬರುವುದು ‘ಯೆಲೆ’. ‘ಒಂದು’ ಬರೆದರೂ ‘ವೊಂದು’. ಅದೇ ರೂಢಿ ಇಂಗ್ಲಿಷಿಗೂ ಬಂದು ‘ಎಗ್’ ‘ಯೆಗ್’ ಆಗುತ್ತದೆ, ‘ಓನ್ಲಿ’ ‘ವೋನ್ಲಿ’ ಆಗುತ್ತದೆ. ಕನ್ನಡದಲ್ಲಿ ಹೀಗೆ ಸೇರುವ ಯಕಾರದಿಂದ ಅರ್ಥ ಕೆಡುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಗಮನಿಸುವುದೇ ಇಲ್ಲ. ಇಂಗ್ಲಿಷಿನಲ್ಲಿ ಮಾತ್ರ ಈಸ್ಟ್ ದಿಕ್ಕು, ಯೀಸ್ಟ್ ಹಿಟ್ಟು ಹುದುಗಿಸುವ ವಸ್ತು. ತಿದ್ದಿಕೊಳ್ಳಲು ದನಿ ಹೊರಡಿಸುವ ಮೊದಲೇ ಬಾಯನ್ನು ಎಕಾರದ ಆಕಾರಕ್ಕೆ ತೆರೆದಿಟ್ಟುಕೊಳ್ಳಿ, ಸ್ವರವನ್ನು ಎರಡು ಸೆಕೆಂಡು ಎಳೆಯಿರಿ, ಆಮೇಲೆ ಪದ ಮುಗಿಸಿ. ಓಕಾರದಲ್ಲಿ ತುಟಿ ಅಲುಗಬಾರದು. ಬಿಗಿದ ತುಟಿ ಸಡಿಲವಾಗುವಾಗಲೇ ವಕಾರ ನುಸುಳುವುದು.

ಪದದ ಕೊನೆಯಲ್ಲೂ ಇಂಥದ್ದೇ ಒಂದು ನಿಯಮವಿದೆ. ಬಸ್ಸು, ಕಾರು, ಬ್ಯಾಂಕು: ಕನ್ನಡಕ್ಕೂ ತೆಲುಗಿಗೂ ಪದ ಸ್ವರದಲ್ಲಿ ಮುಗಿದರೇ ಸಮಾಧಾನ. ಉಕಾರ ಬಿಡಿಸಲು ಮುಂದಿನ ಪದದ ಸ್ವರಕ್ಕೆ ವ್ಯಂಜನವನ್ನು ಕೂಡಿಸಿ: ‘ಪಿಕ್ ಇಟ್ ಅಪ್’ ಅನ್ನು ‘ಪಿಕಿಟಪ್’ ಎಂದು ಒಂದೇ ಉಸಿರಿಗೆ ಹೇಳಿ.

ಬೇರೆ ಕಡೆಯವರ ನಾಲಿಗೆಗೂ ಅವರವರ ನಿಯಮಗಳಿವೆ. ಮಲಯಾಳದಲ್ಲಿ ಅನುನಾಸಿಕದ ನಂತರದ ಪಕಾರ ಬಕಾರವಾಗಿ ‘ಸಿಂಪ್ಲಿ’ ‘ಸಿಂಬ್ಲಿ’ ಆಗುತ್ತದೆ. ಬಿಹಾರದಲ್ಲಿ ‘ಇಸ್ಕೂಲ್’, ಪಂಜಾಬಿನಲ್ಲಿ ‘ಸಕೂಲ್’. ಬಂಗಾಳಿಗಳ ಬಾಯಲ್ಲಿ ‘ವೆರಿ’ ‘ಭೆರಿ’ ಆಗುವುದುಂಟು. ಇವನ್ನು ಅಜ್ಞಾನ ಎಂದು ನಗುವುದು ತಪ್ಪು; ಮನೆಮಾತಿನ ವ್ಯಾಕರಣ ಅಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿರುತ್ತದೆ.

ವೆಸ್ಟ್ ಎಂದು ಕನ್ನಡದಲ್ಲಿ ಬರೆದರೆ ಅದು ಒಳ ಅಂಗಿಯೋ ಪಶ್ಚಿಮವೋ ತಿಳಿಯದು, ಎರಡಕ್ಕೂ ನಮ್ಮಲ್ಲಿರುವುದು ಒಂದೇ ವಕಾರ. ಅಂಗಿಗೆ ಮೇಲ್ಹಲ್ಲು ಕೆಳತುಟಿಗೆ ತಾಗಿ ಗುಂಯ್‌ಗುಡಬೇಕು. ಪಶ್ಚಿಮಕ್ಕೆ ಹಲ್ಲು ತಾಗಲೇಬಾರದು. ಉಕಾರಕ್ಕೆ ತುಟಿ ದುಂಡಗೆ ಮಾಡಿ ಅಲ್ಲಿಂದ ಎಕಾರಕ್ಕೆ ಜಾರಿ. ‘ಝೂ’ ಪದದ ಮೊದಲ ದನಿಗೆ ಜಕಾರದಿಂದ ಹೊರಡಬೇಡಿ, ಜಕಾರದಲ್ಲಿ ನಾಲಿಗೆ ಅಂಗುಳಕ್ಕೆ ತಾಗುತ್ತದೆ. ‘ಸ್‌ಸ್‌ಸ್’ ಎಂದು ಎಳೆಯುತ್ತಾ ಗಂಟಲಿನ ಮೇಲೆ ಬೆರಳಿಟ್ಟು, ಅದು ಕಂಪಿಸುವಂತೆ ದನಿ ಸೇರಿಸಿ.

ಇನ್ನು ಪದದ ಮೊದಲ ಪ, ಟ, ಕ. ಅಮೆರಿಕ, ಬ್ರಿಟನ್ನಿನವರು ಇವುಗಳ ಜೊತೆ ಉಸಿರು ಚಿಮ್ಮಿಸುತ್ತಾರೆ. ನಮ್ಮ ಪಕಾರದಲ್ಲಿ ಆ ಉಸಿರಿಲ್ಲ, ಅದಕ್ಕೇ ನಾವು ‘ಪ್ಯಾಕ್’ ಎಂದದ್ದು ಅವರಿಗೆ ‘ಬ್ಯಾಕ್’ ಎಂದು ಕೇಳಿಸಬಹುದು. ತುಟಿಯಿಂದ ಐದು ಸೆಂಟಿಮೀಟರ್ ದೂರ ತೆಳು ಕಾಗದದ ಪಟ್ಟಿ ಹಿಡಿದು ‘ಪಿನ್’ ಎನ್ನಿ; ಕಾಗದ ಅಲುಗಬೇಕು. ‘ಸ್ಪಿನ್’ ಎಂದಾಗ ಅಲುಗಬಾರದು, ಸಕಾರದ ನಂತರ ಅವರೂ ಉಸಿರು ಬಿಡುವುದಿಲ್ಲ.

ಸಮಯ ಕಡಿಮೆಯಿದ್ದರೆ ಇವೆಲ್ಲಕ್ಕಿಂತ ಮೊದಲು ಒತ್ತು ತಿದ್ದಿಕೊಳ್ಳಿ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಾನ ತೂಕ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಭಾಗ ಉದ್ದವಾಗಿ, ಉಳಿದ ಸ್ವರಗಳು ಮಸುಕಾಗುತ್ತವೆ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ಭಾಗಕ್ಕೆ, ಫೋಟೋಗ್ರಫಿಯಲ್ಲಿ ಎರಡನೆಯದಕ್ಕೆ, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದಕ್ಕೆ. ‘ಡೆವಲಪ್’ ಪದವನ್ನು ನಮ್ಮವರು ‘ಡೆ’ ಒತ್ತಿ ಹೇಳುತ್ತಾರೆ. ಒತ್ತು ಇರಬೇಕಾದದ್ದು ಎರಡನೆಯ ಭಾಗದ ಮೇಲೆ. ಹೊಸ ಪದ ಕಲಿತಾಗ ನಿಘಂಟಿನ ಒತ್ತಿನ ಗುರುತು ನೋಡಿ, ಆ ಭಾಗಕ್ಕೆ ಮೇಜು ತಟ್ಟುತ್ತಾ ಹೇಳಿ. ನಮ್ಮ ಮೂರ್ಧನ್ಯ, ಅಂದರೆ ನಾಲಿಗೆಯ ತುದಿ ಹಿಂದಕ್ಕೆ ಮಡಿಸಿ ನುಡಿಯುವ, ಟ, ಡ ಹಾಗೇ ಇರಲಿ. ಅವುಗಳಿಂದ ಅರ್ಥ ತಪ್ಪುವುದು ತೀರಾ ಅಪರೂಪ, ಅವುಗಳ ಹಿಂದೆ ತಿಂಗಳುಗಟ್ಟಲೆ ಬೀಳುವ ಅಗತ್ಯವಿಲ್ಲ.