ಮೇಲಿನ ಟ್ಯಾಂಕ್ ತುಂಬಿದೆ, ಹಂಡೆ ಖಾಲಿ

ಭಾನುವಾರ, 14 ಜುಲೈ 2013, ರಾತ್ರಿ 11.40

ಮೂರು ಡಿವಿಡಿ ಕಸದ ಬುಟ್ಟಿ ಸೇರಿವೆ. ನಾಲ್ಕನೆಯದು ಡ್ರೈವ್‌ನಲ್ಲಿ ತಿರುಗ್ತಾ ಇದೆ. ಅದು ಮುಗಿಯೋವರೆಗೆ ನಿದ್ದೆ ಬರಲ್ಲ, ಬರೀತಿದೀನಿ.

ಅಣ್ಣನ ಮದುವೆಯ ಸಿಡಿ ತಿಕ್ಕಿ ತಿಕ್ಕಿ ಗೀರು ಬಿದ್ದಿದೆ ಅಂತ ದೊಡ್ಡಮ್ಮ ಹೋದ ತಿಂಗಳೇ ಹೇಳಿದ್ದರು. ಪೆನ್ ಡ್ರೈವ್‌ಗೆ ಹಾಕಿ ಕೊಡ್ತೀನಿ ಅಂದೆ. "ಅದನ್ನೆಲ್ಲ ಎಲ್ಲಿ ಚುಚ್ಚೋದು ಮಾರಾಯ" ಅಂದರು. ಶನಿವಾರ ತೀರ್ಥಹಳ್ಳಿಗೆ ಹೋಗೋದು, ಅಷ್ಟರೊಳಗೆ ಎರಡು ಕಾಪಿ ಆಗಬೇಕು.

ಡಿಸ್ಕ್ ಬರೆಯೋ ಸಾಫ್ಟ್‌ವೇರ್ ಇಮ್ಗ್‌ಬರ್ನ್‌ನಲ್ಲಿ ಏರಿ ಇಳಿಯೋ ಎರಡು ಪಟ್ಟಿ ಕಾಣ್ತವೆ. ಮೇಲಿನದು ಕಂಪ್ಯೂಟರಿನ ಮೆಮೊರಿಯಲ್ಲಿರೋ ಬಫರ್, ಅಂದ್ರೆ ಬರೆಯೋ ಡೇಟಾ ಕಾದು ಕೂರೋ ಜಾಗ. ಕೆಳಗಿನದು ಡ್ರೈವ್‌ನದೇ ಬಫರ್. ಮೊದಲ ಮೂರು ಡಿಸ್ಕಿಗೂ ಮೇಲಿನದು ಶೇಕಡಾ 100ರಲ್ಲಿ ಕದಲದೆ ಕೂತಿತ್ತು. ಕೆಳಗಿನದು ಮಾತ್ರ 90, 12, 60, 4! ಜ್ವರ ಬಂದವರ ನಾಡಿ ಹಾಗೆ. ಡ್ರೈವ್‌ನ ಬಫರ್ ಇರೋದೇ 2 ಎಂಬಿ. 8ಎಕ್ಸ್ ವೇಗ ಅಂದ್ರೆ ಸೆಕೆಂಡಿಗೆ ಸುಮಾರು 11 ಎಂಬಿ. ಪೂರ್ತಿ ತುಂಬಿದ್ದರೂ ಕಾಲು ಸೆಕೆಂಡಿಗೂ ಸಾಲದು.

ಮೊದಲೆಲ್ಲ ಬಫರ್ ಖಾಲಿಯಾದರೆ ಡಿಸ್ಕ್ ಅಲ್ಲೇ ಹಾಳು. 2000ದಲ್ಲಿ ಸ್ಯಾನ್ಯೋದವರ ಬರ್ನ್-ಪ್ರೂಫ್ ಬಂತು. ಅಂಥ ವ್ಯವಸ್ಥೆ ಇರೋ ಡ್ರೈವ್ ಲೇಸರ್ ನಿಲ್ಲಿಸಿ, ಡೇಟಾ ಬಂದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತೆ. ಹೀಗೆ ನಿಂತು ಸೇರಿಸಿದ ಹೊಲಿಗೆ ಒಂದೆರಡು ಬಿದ್ದರೆ ಪರವಾಗಿಲ್ಲ. ಬಟ್ಟೆ ತುಂಬ ಹೊಲಿಗೆಯೇ ಆದರೆ? ಮೊದಲ ಎರಡು ಡಿಸ್ಕ್, ಬರೆದದ್ದು ಸರಿ ಇದೆಯಾ ಅಂತ ಓದಿ ನೋಡೋ ವೆರಿಫೈನಲ್ಲೇ ಫೇಲ್. ನಾನು ಡಿಸ್ಕಿಗೆ ಬೈದು ಬೇರೆ ಕಂಪನಿಯದು ತಂದೆ. ಮಳೆಯಲ್ಲಿ ನೆನೆದಿದ್ದೇ ಲಾಭ, ಅದೂ ಹಾಗೇ.

ಆಗಲೇ ದೊಡ್ಡಮ್ಮನ ಫೋನು.

"ಎಂತ, ಇನ್ನೂ ಆಗ್ಲಿಲ್ವಾ?"

ಸಿಟ್ಟಿನಲ್ಲಿದ್ದೆ, ಎಲ್ಲ ಹೇಳಿಬಿಟ್ಟೆ. ಎರಡು ತೊಟ್ಟಿ ಇದೆ, ಒಂದರಿಂದ ಇನ್ನೊಂದಕ್ಕೆ ಹರೀಬೇಕು, ಮೇಲಿಂದು ಯಾವಾಗ್ಲೂ ಭರ್ತಿ, ಕೆಳಗಿಂದು ಖಾಲಿ ಆಗ್ತಾ ಇರತ್ತೆ ಅಂತ.

"ಮೇಲಿನ ಟ್ಯಾಂಕ್ ತುಂಬಿ, ಬಚ್ಚಲ ಹಂಡೆಗೆ ನೀರು ಬರ್ಲಿಲ್ಲ ಅಂದ್ರೆ ಪೈಪಲ್ಲಿ ಕಸ ಕೂತಿರತ್ತೆ. ಹಂಡೆಗೆ ಬೈದ್ರೆ ಎಂತ ಬಂತು?"

ಹೌದಲ್ವಾ! ಹಾರ್ಡ್ ಡಿಸ್ಕ್ ನಿಧಾನ ಆಗಿದ್ದರೆ ಮೇಲಿನ ಪಟ್ಟಿ ಮೊದಲು ಇಳೀಬೇಕಿತ್ತು. ಅದು ಇಳಿದೇ ಇಲ್ಲ. ಅಂದ್ರೆ ತಪ್ಪಿರೋದು ಮಧ್ಯದಲ್ಲಿ, ಕೇಬಲ್‌ನಲ್ಲೋ, ಒಂದು ಯುಎಸ್‌ಬಿ ಕಿಂಡಿಯನ್ನ ಹಲವು ಮಾಡೋ ಹಬ್‌ನಲ್ಲೋ. ನನ್ನ ಲ್ಯಾಪ್‌ಟಾಪ್‌ನ ಒಂದು ಯುಎಸ್‌ಬಿ ಕಿಂಡಿ ಸತ್ತು ವರ್ಷ ಆಯ್ತು. ಹಾರ್ಡ್ ಡಿಸ್ಕು, ಮೌಸು, ಡಿವಿಡಿ ಡ್ರೈವು ಎಲ್ಲ ಒಂದೇ ಅಗ್ಗದ ಹಬ್‌ಗೆ. ಡೇಟಾ ಅಲ್ಲಿಂದಲೇ ಬರ್ಬೇಕು, ಅಲ್ಲಿಂದಲೇ ಹೋಗ್ಬೇಕು, ಡ್ರೈವ್‌ಗೆ ಬೇಕಾದ ಕರೆಂಟೂ ಅಲ್ಲಿಂದಲೇ.

ಹಾರ್ಡ್ ಡಿಸ್ಕಿನಲ್ಲಿದ್ದ ಇಮೇಜ್ ಫೈಲನ್ನು, ಅಂದ್ರೆ ಡಿಸ್ಕಿಗೆ ಬರೆಯೋ ಪೂರ್ತಿ ನಕಲನ್ನು, ಲ್ಯಾಪ್‌ಟಾಪ್‌ಗೇ ಕಾಪಿ ಮಾಡಿದೆ. ಹಬ್ ಕಿತ್ತೆ. ಡ್ರೈವನ್ನು ನೇರ ಚುಚ್ಚಿದೆ. ವೇಗ 4ಎಕ್ಸ್‌ಗೆ ಇಳಿಸಿದೆ. ಕೆಳಗಿನ ಪಟ್ಟಿ 98, 99, 98. ಒಂದು ಸಲ 70ಕ್ಕೆ ಬಂದು ಮತ್ತೆ ಏರಿತು. ಯಾಕೋ! ಕೇಳೋಕೆ ಹೋಗಲ್ಲ.

ಫೋನ್ ಇಡೋ ಮೊದಲು ದೊಡ್ಡಮ್ಮ ಸ್ವಲ್ಪ ಸುಮ್ಮನಿದ್ದರು. ದೊಡ್ಡಪ್ಪ ಅಲ್ಲೇ ಇದ್ದರು ಅನ್ಸತ್ತೆ, ದನಿ ತಗ್ಗಿಸಿ ಕೇಳಿದರು. "ಅದ್ರಲ್ಲಿ ಇವ್ರೂ ಚಿಕ್ಕಪ್ಪನೂ ಒಟ್ಟಿಗೆ ಹೋಳಿಗೆ ಬಡಿಸೋದು ಇದೆಯಲ್ಲ, ಅದು ಬಂದಿದ್ಯಾ?"

ತೋಟದ ಕೇಸು ಶುರುವಾಗಿ ಆರು ವರ್ಷ. ಗೀರು ಯಾಕೆ ಬಿತ್ತು, ಯಾವ ಭಾಗವನ್ನ ಅಷ್ಟು ಸಲ ಹಾಕಿ ನೋಡ್ತಿದ್ದರು ಅಂತ ನಾನು ಯೋಚನೆಯೇ ಮಾಡಿರಲಿಲ್ಲ. "ಬಂದಿದೆ ದೊಡ್ಡಮ್ಮ" ಅಂದುಬಿಟ್ಟೆ. ನೋಡಿರಲಿಲ್ಲ.

ವೆರಿಫೈ 71ಕ್ಕೆ ಬಂತು. ಡಿಸ್ಕ್ ಒಳಗಿನಿಂದ ಹೊರಕ್ಕೆ ಬರೆಯುತ್ತಾ ಹೋಗುತ್ತೆ. ಊಟದ ಭಾಗ ಕೊನೇದು, ಅಂದ್ರೆ ಹೊರ ಅಂಚಿನ ಹತ್ತಿರ. ಬೆಳಗಿನ ಎರಡೂ ಡಿಸ್ಕ್ ಕೈಕೊಟ್ಟಿದ್ದು ಅಲ್ಲೇ. 74. ಹೊರಗೆ ಗುಡುಗು ಬೇರೆ, ಕರೆಂಟ್ ಏನಾದ್ರೂ